ಬೆಳಕಿಗೂ ಒಂದು ಫ್ಯಾಟ್ ಟೆಸ್ಟ್ ಬೇಕು

ಊರಿನ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸರದಿ ನಿಂತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕ್ಯಾನಿನಲ್ಲಿ ಎಷ್ಟು ಲೀಟರ್ ಇದೆ ಎಂದು ಅಳೆದ ಮಾತ್ರಕ್ಕೆ ಲೆಕ್ಕ ಮುಗಿಯುವುದಿಲ್ಲ. ಸ್ಯಾಂಪಲ್ ತೆಗೆದು ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ನೋಡಿದ ಮೇಲೆಯೇ ದರ. ಲೀಟರ್ ಮಾತ್ರ ನೋಡಿ ಹಣ ಕೊಟ್ಟರೆ ಏನಾಗುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಲಿಗೆ ನೀರು ಸೇರುತ್ತದೆ.

ಬೆಳಕಿನ ವಿಷಯದಲ್ಲಿ ನಾವು ಇನ್ನೂ ಲೀಟರ್ ಲೆಕ್ಕದಲ್ಲೇ ಇದ್ದೇವೆ. ಅಂಗಡಿಗೆ ಹೋಗಿ "20 ವ್ಯಾಟ್ ಟ್ಯೂಬ್ ಕೊಡಿ" ಎನ್ನುತ್ತೇವೆ. ವ್ಯಾಟ್ ಎಂಬುದು ಅದು ನುಂಗುವ ಕರೆಂಟಿನ ಅಳತೆಯೇ ಹೊರತು ಕೊಡುವ ಬೆಳಕಿನ ಅಳತೆಯಲ್ಲ. ಸ್ವಲ್ಪ ತಿಳಿದವರು ಲ್ಯೂಮೆನ್ ಎಷ್ಟು ಎಂದು ಕೇಳುತ್ತಾರೆ. ಅದು ಬೆಳಕಿನ ಪ್ರಮಾಣ. ಆ ಬೆಳಕಿನೊಳಗೆ ಯಾವ ಬಣ್ಣ ಎಷ್ಟಿದೆ, ಅಂದರೆ ಅದರ ರೋಹಿತ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಬೆಳಕಿನ ಫ್ಯಾಟ್ ಇರುವುದು ಅಲ್ಲಿಯೇ.

ಇದನ್ನು ಈಗ ಬರೆಯಲು ಕಾರಣವಿದೆ. ಬರುವ ಬೇಸಿಗೆ ರಜೆಯಲ್ಲಿ ನಮ್ಮ ಕಾಲೇಜಿನ ಲ್ಯಾಬ್‌ಗಳಲ್ಲೂ ಹಾಸ್ಟೆಲ್ಲಿನ ರೀಡಿಂಗ್ ರೂಮಿನಲ್ಲೂ ಹಳೆಯ ಟ್ಯೂಬ್‌ಲೈಟ್‌ಗಳನ್ನು ತೆಗೆದು ಎಲ್‌ಇಡಿ ಹಾಕಿಸುವ ಮಾತು ನಡೆಯುತ್ತಿದೆ. ಒಳ್ಳೆಯ ಕೆಲಸ. ಒಮ್ಮೆ ಹಾಕಿಸಿದರೆ ಐದಾರು ವರ್ಷ ಯಾರೂ ಅದನ್ನು ಮುಟ್ಟುವುದಿಲ್ಲ. ನಮ್ಮ ನಂತರ ಬರುವ ಐದಾರು ಬ್ಯಾಚ್‌ಗಳು ಅದೇ ಬೆಳಕಿನಲ್ಲಿ ಓದಬೇಕು, ಅದೇ ಬೆಳಕಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬರೆಯಬೇಕು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಆರ್ಡರ್ ಕೊಡುವ ಮೊದಲು ಎರಡು ಮೂರು ಸ್ಯಾಂಪಲ್ ತರಿಸಿ, ಅಗ್ಗದ ಒಂದು ಸ್ಪೆಕ್ಟ್ರಲ್ ಸೆನ್ಸರ್‌ನಿಂದ ನಾವೇ ವಿದ್ಯಾರ್ಥಿಗಳು ಅಳೆದು ನೋಡಬೇಕು. ಅಳೆದದ್ದನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಆಮೇಲೆ ಕೊಳ್ಳೋಣ.

ಬಿಳಿ ಎಂಬ ಬಣ್ಣವಿಲ್ಲ

ನಾವು ಬಿಳಿ ಬೆಳಕು ಎನ್ನುವುದು ಹಲವು ಬಣ್ಣಗಳ ಮಿಶ್ರಣ. ಸೂರ್ಯನ ಬೆಳಕಿನಲ್ಲಿ ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗೆ ಎಲ್ಲ ತರಂಗದೂರಗಳೂ ಇವೆ. ಎಲ್‌ಇಡಿಯ ಬಿಳಿ ಹಾಗಲ್ಲ. ಅದರೊಳಗಿರುವ ಚಿಪ್ ಕೊಡುವುದು 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಮಾತ್ರ. ಅದರ ಮೇಲೆ ಹಳದಿ ಫಾಸ್ಫರ್ ಲೇಪಿಸಿರುತ್ತಾರೆ. ನೀಲಿಯಲ್ಲಿ ಒಂದಷ್ಟನ್ನು ಫಾಸ್ಫರ್ ಹೀರಿ ಹಸಿರು, ಹಳದಿ, ಕೆಂಪಾಗಿ ಮರಳಿ ಕೊಡುತ್ತದೆ. ಉಳಿದ ನೀಲಿಯೂ ಈ ಹಳದಿಯೂ ಸೇರಿದಾಗ ಕಣ್ಣಿಗೆ ಬಿಳಿ ಎನಿಸುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂತು. ಅದು ಸಿಗಬೇಕಾದ ಗೌರವವೇ. ಮರುವರ್ಷ, 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯಿಂದ ಎಲ್‌ಇಡಿ ಬಲ್ಬ್ ನಮ್ಮ ಮನೆಮನೆಗೂ ಅಗ್ಗದಲ್ಲಿ ಬಂತು. ನನ್ನ ದೂರು ಎಲ್‌ಇಡಿಯ ಮೇಲಲ್ಲ, ಅದನ್ನು ನಾವು ಆರಿಸುವ ರೀತಿಯ ಮೇಲೆ.

ಮಿಶ್ರಣ ಹೇಗಿರಬೇಕು ಎಂಬುದು ತಯಾರಕರ ಕೈಯಲ್ಲಿದೆ. ಇಲ್ಲಿಯೇ ನೀರು ಸೇರಲು ಜಾಗ. ಲ್ಯೂಮೆನ್ ಎಂಬ ಅಳತೆ ನಮ್ಮ ಕಣ್ಣಿನ ಸಂವೇದನೆಯನ್ನು ಆಧರಿಸಿದೆ. ಹಗಲಿನ ಕಣ್ಣಿಗೆ 555 ನ್ಯಾನೊಮೀಟರ್‌ನ ಹಸಿರು ಅತಿ ಪ್ರಕಾಶಮಾನ. ಅದಕ್ಕೆ ಪೂರ್ತಿ ಅಂಕ. ಅಷ್ಟೇ ಶಕ್ತಿಯ 630ರ ಕೆಂಪಿಗೆ ಸುಮಾರು ಕಾಲು ಭಾಗ ಅಂಕ. 680ರ ಗಾಢ ಕೆಂಪಿಗೆ ನೂರಕ್ಕೆ ಎರಡು ಅಂಕವೂ ಇಲ್ಲ. ಹೀಗಿರುವಾಗ "ಒಂದು ವ್ಯಾಟಿಗೆ ಎಷ್ಟು ಲ್ಯೂಮೆನ್" ಎಂಬ ಒಂದೇ ಪೈಪೋಟಿಯಲ್ಲಿ ಗೆಲ್ಲಬೇಕಾದ ತಯಾರಕ ಏನು ಮಾಡುತ್ತಾನೆ? ಅಂಕ ಬಾರದ ಕೆಂಪನ್ನು ಕಡಿಮೆ ಮಾಡಿ ಹಸಿರು ಹಳದಿಯನ್ನು ಹೆಚ್ಚಿಸುತ್ತಾನೆ. ಇದರಲ್ಲಿ ಮೋಸವಿಲ್ಲ. ನಾವು ಕೇಳಿದ್ದನ್ನೇ ಅವನು ಕೊಡುತ್ತಿದ್ದಾನೆ. ನಾವು ಕೇಳುತ್ತಿರುವುದು ಲೀಟರ್.

ಡಬ್ಬದ ಮೇಲೆ ಇನ್ನೂ ಎರಡು ಸಂಖ್ಯೆಗಳಿರುತ್ತವೆ. ಒಂದು ಬಣ್ಣದ ತಾಪಮಾನ: 2700 ಕೆಲ್ವಿನ್ ಎಂದರೆ ಹಳೆಯ ಬಲ್ಬಿನಂತೆ ಹಳದಿ ಛಾಯೆ, 6500 ಎಂದರೆ ನೀಲಿ ಛಾಯೆಯ ಬಿಳಿ. ಇನ್ನೊಂದು ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರಕ್ಕೆ ಕೊಡುವ ಅಂಕ. "80ಕ್ಕಿಂತ ಹೆಚ್ಚು" ಎಂದು ಬರೆದಿದ್ದರೆ ಪಾಸಾದಂತೆ ಅನಿಸುತ್ತದೆ. ಆದರೆ ಈ ಅಂಕ ಎಂಟು ಮಂದ ಬಣ್ಣಗಳ ಸರಾಸರಿ ಮಾತ್ರ. ಗಾಢ ಕೆಂಪು ಒಂಬತ್ತನೆಯ ಬಣ್ಣ. ಅದು ಸರಾಸರಿಯಲ್ಲಿ ಸೇರುವುದೇ ಇಲ್ಲ. ಸರಾಸರಿ 80 ಬಂದ ದೀಪ ಕೆಂಪಿನಲ್ಲಿ ಸೊನ್ನೆಯ ಹತ್ತಿರ ಇರಲೂಬಹುದು. ಐದು ವಿಷಯದಲ್ಲಿ ಪಾಸಾಗಿ ಆರನೆಯದರಲ್ಲಿ ಫೇಲಾದವನ ಮಾರ್ಕ್ಸ್ ಕಾರ್ಡಿನಲ್ಲಿ ಆ ಆರನೆಯ ವಿಷಯದ ಸಾಲನ್ನೇ ಮುದ್ರಿಸದೆ ಬಿಟ್ಟಂತೆ.

"ಕಿಟಕಿ ಪಕ್ಕ ಬನ್ನಿ"

ಇದರಿಂದ ನಮಗೇನು ಎಂದು ಕೇಳುವವರು ಕೆಮಿಸ್ಟ್ರಿ ಲ್ಯಾಬಿಗೆ ಬರಲಿ. ದ್ವಿತೀಯ ಪಿಯುಸಿಯಲ್ಲಿ ನಾವೆಲ್ಲರೂ ಮಾಡುವ ಟೈಟ್ರೇಶನ್ ಪೊಟ್ಯಾಸಿಯಮ್ ಪರ್ಮ್ಯಾಂಗನೇಟಿನದು. ಅದಕ್ಕೆ ಬೇರೆ ಇಂಡಿಕೇಟರ್ ಬೇಡ. ಬ್ಯುರೆಟ್‌ನಿಂದ ಬಿದ್ದ ಕೊನೆಯ ಒಂದು ಹನಿಗೆ ಫ್ಲಾಸ್ಕಿನ ದ್ರಾವಣ ನಸುಗುಲಾಬಿಯಾಗಿ, ಆ ಬಣ್ಣ ನಿಂತರೆ ಅದೇ ಎಂಡ್ ಪಾಯಿಂಟ್. ಅಂಕವೆಲ್ಲ ಆ ಒಂದು ಹನಿಯ ಮೇಲೆ ನಿಂತಿದೆ.

ಈ ಗುಲಾಬಿ ಎಲ್ಲಿಂದ ಬರುತ್ತದೆ? ಪರ್ಮ್ಯಾಂಗನೇಟ್ 525 ನ್ಯಾನೊಮೀಟರ್ ಆಸುಪಾಸಿನ ಹಸಿರನ್ನು ಹೀರಿಕೊಂಡು ಕೆಂಪನ್ನೂ ನೀಲಿಯನ್ನೂ ಬಿಟ್ಟುಕೊಡುತ್ತದೆ. ಅಂದರೆ ದ್ರಾವಣ ತನ್ನದೇ ಬೆಳಕನ್ನು ಹೊರಹಾಕುತ್ತಿಲ್ಲ. ಮೇಲಿನ ದೀಪ ಕೊಟ್ಟದ್ದರಲ್ಲಿ ಒಂದು ಭಾಗವನ್ನು ನಮ್ಮ ಕಡೆ ಕಳಿಸುತ್ತಿದೆ, ಅಷ್ಟೆ. ದೀಪದಲ್ಲೇ ಕೆಂಪು ಕಡಿಮೆಯಿದ್ದರೆ ಆ ನಸುಗುಲಾಬಿ ಮಂಕಾಗುತ್ತದೆ. ಸಾಲ್ಟ್ ಅನಾಲಿಸಿಸ್‌ನಲ್ಲಿ ನಿಕ್ಕೆಲ್‌ಗೆ ಬರುವ ಕೆಂಪು ಪ್ರೆಸಿಪಿಟೇಟಿನ ಕಥೆಯೂ ಇದೇ. ಫ್ಲೇಮ್ ಟೆಸ್ಟ್ ಮಾತ್ರ ಬೇರೆ. ಜ್ವಾಲೆ ತಾನೇ ಬೆಳಕು ಕೊಡುವುದರಿಂದ ಕ್ಯಾಲ್ಸಿಯಮ್‌ನ ಇಟ್ಟಿಗೆ ಕೆಂಪು ಯಾವ ಟ್ಯೂಬಿನ ಕೆಳಗೂ ಇಟ್ಟಿಗೆ ಕೆಂಪೇ.

ನಮ್ಮ ಮೇಡಂ ಪ್ರತಿ ಬ್ಯಾಚಿಗೂ ಹೇಳುವ ಮಾತೊಂದಿದೆ: "ಎಂಡ್ ಪಾಯಿಂಟ್ ನೋಡೋರು ಕಿಟಕಿ ಪಕ್ಕ ಬನ್ನಿ." ಲ್ಯಾಬಿನ ಒಳಸಾಲಿನ ಮೇಜುಗಳ ಮೇಲೆ ಟ್ಯೂಬ್ ಉರಿಯುತ್ತಿರುತ್ತದೆ, ಬೆಳಕು ಸಾಲದು ಎಂದೇನಲ್ಲ. ಆದರೂ ಕೈಯಲ್ಲಿ ಫ್ಲಾಸ್ಕ್ ಹಿಡಿದು ನಾವೆಲ್ಲ ಕಿಟಕಿಗೆ ಹೋಗುತ್ತೇವೆ. ವರ್ಷಗಟ್ಟಲೆಯ ಅನುಭವದಿಂದ ಮೇಡಂ ಕಂಡುಕೊಂಡಿರುವುದು ಇದನ್ನೇ: ಪ್ರಮಾಣ ಒಂದು, ಗುಣ ಇನ್ನೊಂದು. ಆದರೆ ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಮೋಡ ಕವಿದಾಗ ಕಿಟಕಿಯೂ ಕೈಕೊಡುತ್ತದೆ. ಪರೀಕ್ಷೆಯ ದಿನ ಯಾರಿಗೆ ಕಿಟಕಿಯ ಮೇಜು, ಯಾರಿಗೆ ಮೂಲೆಯ ಮೇಜು ಎಂಬುದು ರಿಜಿಸ್ಟರ್ ನಂಬರಿನ ಮೇಲೆ ಹೋಗುತ್ತದೆ. ಬಣ್ಣ ಕಾಣುವುದು ಅದೃಷ್ಟದ ವಿಷಯವಾಗಬಾರದು.

ಎರಡು ಸಾವಿರ ರೂಪಾಯಿಯ ಸಾಧನ

ಬೆಳಕಿನ ರೋಹಿತ ಅಳೆಯುವ ಪ್ರಯೋಗಾಲಯದ ಉಪಕರಣಗಳ ಬೆಲೆ ಲಕ್ಷಗಳಲ್ಲಿದೆ. ಅದು ನಮ್ಮ ಕೈಗೆಟುಕದು. ಹಳೆಯ ಸಿಡಿಯ ತುಂಡೊಂದನ್ನು ರಟ್ಟಿನ ಡಬ್ಬದಲ್ಲಿಟ್ಟು ಸಣ್ಣ ಸೀಳಿನಿಂದ ಬೆಳಕು ಬಿಟ್ಟರೆ ಕಾಮನಬಿಲ್ಲಿನ ಪಟ್ಟೆ ಕಾಣುತ್ತದೆ. ಅದಕ್ಕೆ ಖರ್ಚೇ ಇಲ್ಲ, ಆದರೆ ಸಂಖ್ಯೆ ಸಿಗುವುದಿಲ್ಲ. ಇವೆರಡರ ನಡುವೆ ಈಗ ಒಂದು ದಾರಿಯಿದೆ. ಉಗುರಿಗಿಂತ ಚಿಕ್ಕದಾದ ಸ್ಪೆಕ್ಟ್ರಲ್ ಸೆನ್ಸರ್ ಚಿಪ್‌ಗಳು.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದರ ಹೆಸರು ಎಎಸ್7341. ಅದರ ಮೇಲ್ಮೈಯಲ್ಲಿ ಪುಟ್ಟ ಪುಟ್ಟ ಫೋಟೊಡಯೋಡ್‌ಗಳಿವೆ. ಪ್ರತಿಯೊಂದರ ಮೇಲೂ ಒಂದೊಂದು ಬಣ್ಣವನ್ನು ಮಾತ್ರ ಒಳಬಿಡುವ ಫಿಲ್ಟರ್ ಇದೆ. 415, 445, 480, 515, 555, 590, 630 ಮತ್ತು 680 ನ್ಯಾನೊಮೀಟರ್: ಹೀಗೆ ಕಣ್ಣಿಗೆ ಕಾಣುವ ಬೆಳಕಿಗೆ ಎಂಟು ಚಾನೆಲ್‌ಗಳು. ಇವಲ್ಲದೆ ಕಣ್ಣಿಗೆ ಕಾಣದ ಅವಕೆಂಪಿಗೆ ಒಂದು, ಫಿಲ್ಟರ್ ಇಲ್ಲದ್ದು ಒಂದು, ದೀಪದ ಮಿಣುಕು ಗುರುತಿಸಲು ಒಂದು. ಬೋರ್ಡ್ ಸಮೇತ ಎರಡು ಸಾವಿರ ರೂಪಾಯಿಯ ಆಸುಪಾಸಿಗೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದನ್ನು ಓದಲು ಆರ್ಡಿನೊ ಅಥವಾ ಇಎಸ್‌ಪಿ32 ಬೋರ್ಡಿಗೆ ಇನ್ನೊಂದು ಐನೂರು. ಡೇಟಾ ಬರುವುದು ಎರಡೇ ತಂತಿಯಲ್ಲಿ. ಪ್ರೋಗ್ರಾಮ್ ಸಿದ್ಧವಾಗಿಯೇ ಸಿಗುತ್ತದೆ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಒಂದು ಸಂಜೆಯ ಕೆಲಸ.

ಇಂಜಿನಿಯರಿಂಗ್ ಓದುತ್ತಿರುವ ನನ್ನ ದೊಡ್ಡಪ್ಪನ ಮಗ ತನ್ನ ಪ್ರಾಜೆಕ್ಟಿಗೆ ತಂದಿದ್ದ ಸೆನ್ಸರನ್ನು ದಸರಾ ರಜೆಯ ನಂತರ ಒಂದು ವಾರ ನನಗೆ ಕೊಟ್ಟಿದ್ದ. ಸರ್ ಅನುಮತಿ ಪಡೆದು ನಾವು ನಾಲ್ವರು ಅದನ್ನು ಕಾಲೇಜಿನಲ್ಲಿ ಸುತ್ತಾಡಿಸಿದೆವು. ಮಾಡಿದ ಕ್ರಮ ಸರಳ. ಎಂಟು ಚಾನೆಲ್‌ಗಳ ಸಂವೇದನೆ ಒಂದೇ ಸಮ ಇರುವುದಿಲ್ಲ. ಹಾಗಾಗಿ ಸೆನ್ಸರ್ ಕೊಡುವ ಸಂಖ್ಯೆಗಳನ್ನು ನೇರವಾಗಿ ಹೋಲಿಸಿದರೆ ಅರ್ಥವಿಲ್ಲ. ಮೊದಲು ಸ್ವಚ್ಛ ಆಕಾಶದ ಮಧ್ಯಾಹ್ನದ ಬೆಳಕಿನಲ್ಲಿ ಎಂಟನ್ನೂ ಬರೆದುಕೊಂಡೆವು. ಆಮೇಲೆ ಯಾವ ದೀಪದ ಕೆಳಗೆ ಇಟ್ಟರೂ ಅದರ ಸಂಖ್ಯೆಯನ್ನು ಆಯಾ ಚಾನೆಲ್‌ನ ಹಗಲಿನ ಸಂಖ್ಯೆಯಿಂದ ಭಾಗಿಸಿದೆವು. 555ರ ಚಾನೆಲನ್ನು ಎಲ್ಲದರಲ್ಲೂ ನೂರು ಎಂದಿಟ್ಟು ಉಳಿದವನ್ನು ಅದಕ್ಕೆ ಹೊಂದಿಸಿದೆವು. ಹೀಗೆ ಮಾಡಿದಾಗ ದೀಪ ಎಷ್ಟು ಪ್ರಖರ ಎಂಬುದು ಲೆಕ್ಕದಿಂದ ಹೊರಗೆ ಹೋಗಿ, ಹಗಲಿಗೆ ಹೋಲಿಸಿದರೆ ಅದರ ಬಣ್ಣದ ಹಂಚಿಕೆ ಹೇಗಿದೆ ಎಂಬುದಷ್ಟೇ ಉಳಿಯುತ್ತದೆ.

ಗ್ರಾಫ್ ಹಾಳೆಯಲ್ಲಿ ಎಳೆದಾಗ ಕಿಟಕಿಯ ಮೇಜಿನ ಗೆರೆ ಹೆಚ್ಚುಕಡಿಮೆ ಸಮತಟ್ಟಾಗಿತ್ತು. ಲ್ಯಾಬಿನ ಮೂಲೆಯಲ್ಲಿ ಈಗಾಗಲೇ ಹಾಕಿರುವ ಎಲ್‌ಇಡಿಯ ಕೆಳಗೆ ಅದೇ ಗೆರೆ 445ರಲ್ಲಿ ಗುಡ್ಡದಂತೆ ಎದ್ದು, 480ರಲ್ಲಿ ಕುಸಿದು, 555ರಲ್ಲಿ ಚೇತರಿಸಿಕೊಂಡು, 630ರಿಂದಾಚೆ ಇಳಿಜಾರಾಗಿ 680ರಲ್ಲಿ ತಳ ಕಂಡಿತು. ಪುಸ್ತಕದಲ್ಲಿ ಓದಿದ ನೀಲಿ ಚಿಪ್, ಹಳದಿ ಫಾಸ್ಫರ್ ಎರಡೂ ನಮ್ಮದೇ ಹಾಳೆಯ ಮೇಲೆ ಕಾಣಿಸಿದವು. ನಮಗೆ ಹೆಚ್ಚು ಅಚ್ಚರಿಯಾದದ್ದು ಇನ್ನೊಂದು. ಒಂದೇ ವ್ಯಾಟ್, ಒಂದೇ 6500 ಕೆಲ್ವಿನ್ ಎಂದು ಬರೆದಿದ್ದ ಎರಡು ಬೇರೆ ಬೇರೆ ಟ್ಯೂಬ್‌ಗಳ ಗೆರೆಗಳು ನೀಲಿಯ ಕಡೆ ಜೊತೆಯಾಗಿ ಹೋಗಿ ಕೆಂಪಿನ ಕಡೆ ಬೇರ್ಪಟ್ಟವು. ಬರಿಗಣ್ಣಿಗೆ ಎರಡೂ ಒಂದೇ ಬಿಳಿ. ಡಬ್ಬದ ಮೇಲೆ ಎರಡೂ ಒಂದೇ ಮಾತು. ಕೊಳ್ಳುವ ಮೊದಲು ಅಳೆಯಬೇಕು ಎಂದು ನಾನು ಪಟ್ಟು ಹಿಡಿಯಲು ಈ ಎರಡು ಗೆರೆಗಳೇ ಕಾರಣ.

ಸೆನ್ಸರ್ ಹೇಳದ ಮಾತುಗಳನ್ನು ಅದರ ಬಾಯಲ್ಲಿ ಹೇಳಿಸಬಾರದು. ಎಂಟು ಚಾನೆಲ್ ಎಂದರೆ ಎಂಟು ಕಿಟಕಿ, ನಡುವೆ ಗೋಡೆ. ಹಳೆಯ ಫ್ಲೋರೆಸೆಂಟ್ ಟ್ಯೂಬಿನಲ್ಲಿ 546, 611 ನ್ಯಾನೊಮೀಟರ್‌ಗಳಲ್ಲಿ ಚೂಪಾದ ಗೆರೆಗಳಿರುತ್ತವೆ. ಅಂಥ ಬೆಳಕಿನ ನಿಜ ಆಕಾರ ಈ ಸೆನ್ಸರಿಗೆ ಸಿಗುವುದಿಲ್ಲ. ಅದನ್ನು ಓರೆಯಾಗಿ ಹಿಡಿದರೆ ಒಂದು ಸಂಖ್ಯೆ, ನೇರವಾಗಿ ಹಿಡಿದರೆ ಇನ್ನೊಂದು. ಮೇಲೆ ತೆಳ್ಳನೆಯ ಬಿಳಿ ಪ್ಲಾಸ್ಟಿಕ್ ಮುಚ್ಚಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಬೆಳಕು ಹೆಚ್ಚಾದರೆ ಸಂಖ್ಯೆ ಮೇಲಿನ ಮಿತಿಗೆ ತಾಗಿ ನಿಂತುಬಿಡುತ್ತದೆ, ಆಗ ಗೇನ್ ಇಳಿಸಬೇಕು. ನೆರಳು ಬೀಳದಂತೆ, ಬಣ್ಣದ ಬಟ್ಟೆ ತೊಟ್ಟವರು ಹತ್ತಿರ ನಿಲ್ಲದಂತೆ ನೋಡಿಕೊಳ್ಳಬೇಕು. ಇದರಿಂದ ಸಿಆರ್‌ಐ ಇಷ್ಟೇ ಎಂದು ಸರ್ಟಿಫಿಕೇಟ್ ಬರೆಯಲಾಗದು. ಆದರೆ ಮೂರು ಸ್ಯಾಂಪಲ್‌ಗಳಲ್ಲಿ ಯಾವುದು ಹಗಲಿಗೆ ಹತ್ತಿರ, ಯಾವುದು ದೂರ ಎಂದು ಹೇಳಲು ಧಾರಾಳ ಸಾಕು. ನಮಗೆ ಬೇಕಿರುವುದೂ ಅಷ್ಟೇ.

ಹೆದರಿಕೆಗೂ ಅಳತೆ ಬೇಕು

ಬೆಳಕಿನ ಗುಣದ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ ಎಂದಲ್ಲ. ಮಾತು ಬಹಳವಿದೆ, ಅಳತೆ ಇಲ್ಲ. ನಮ್ಮ ಕ್ಲಾಸಿನಲ್ಲೇ ಹಲವರು ಬ್ಲೂ ಕಟ್ ಕನ್ನಡಕ ಹಾಕಿದ್ದಾರೆ. ಎಲ್‌ಇಡಿಯ ನೀಲಿ ಬೆಳಕು ಕಣ್ಣು ಹಾಳುಮಾಡುತ್ತದೆ ಎಂದು ಅಂಗಡಿಯವರು ಹೇಳಿದರು, ಅಪ್ಪ ಅಮ್ಮ ಹೆದರಿ ಕೊಡಿಸಿದರು. 2023ರಲ್ಲಿ ಕಾಕ್ರೇನ್ ಸಂಸ್ಥೆ ಈ ಕನ್ನಡಕಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಪರಿಶೀಲಿಸಿತು. ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ಆಯಾಸ ಕಡಿಮೆ ಮಾಡುವುದರಲ್ಲಿ, ಅಲ್ಪಾವಧಿಯಲ್ಲಿ, ಸಾಮಾನ್ಯ ಕನ್ನಡಕಕ್ಕೂ ಇದಕ್ಕೂ ಬಹುಶಃ ವ್ಯತ್ಯಾಸವಿಲ್ಲ ಎಂಬುದು ಅದರ ತೀರ್ಮಾನ. ಕೊಂಡವರನ್ನು ನಾನು ಹಾಸ್ಯ ಮಾಡುತ್ತಿಲ್ಲ. ನಿಮ್ಮ ಕನ್ನಡಕವನ್ನು ಸೆನ್ಸರಿನ ಮುಂದೆ ಹಿಡಿಯಿರಿ, 445ರ ಚಾನೆಲ್ ಎಷ್ಟು ಇಳಿಯುತ್ತದೆ ನೋಡಿ. ಕೊಟ್ಟ ಹಣಕ್ಕೆ ಸಿಕ್ಕಿದ್ದೇನು ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ನೀಲಿಯ ಬಗ್ಗೆ ಗಟ್ಟಿ ಆಧಾರವಿರುವ ಮಾತು ಬೇರೆಯೇ ಇದೆ, ಅದು ನಿದ್ರೆಯದು. ನಮ್ಮ ಅಕ್ಷಿಪಟಲದಲ್ಲಿ ನೋಟಕ್ಕಲ್ಲದೆ ಹಗಲು ರಾತ್ರಿಯ ಗುರುತಿಗಾಗಿ ಕೆಲಸ ಮಾಡುವ ಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು 480 ನ್ಯಾನೊಮೀಟರ್ ಆಸುಪಾಸಿನ ಬೆಳಕಿಗೆ. ತಡರಾತ್ರಿ ಅಂಥ ಬೆಳಕು ಹೆಚ್ಚು ಬಿದ್ದರೆ ಮೆಲಟೊನಿನ್ ಹಾರ್ಮೋನ್ ಇಳಿದು ನಿದ್ರೆ ಮುಂದೆ ಹೋಗುತ್ತದೆ. ರಾತ್ರಿ ಹತ್ತೂವರೆವರೆಗೆ ರೀಡಿಂಗ್ ರೂಮಿನಲ್ಲಿ ಕೂತು ಫಜ್ರ್‌ಗೆ ಏಳಬೇಕಾದ ಹಾಸ್ಟೆಲ್ಲಿನವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೂ ನಾವು ರೀಡಿಂಗ್ ರೂಮಿಗೂ ಕಾರಿಡಾರಿಗೂ ಒಂದೇ 6500 ಕೆಲ್ವಿನ್ ಟ್ಯೂಬ್ ತರಲು ಹೊರಟಿದ್ದೇವೆ, "ಜಾಸ್ತಿ ಬೆಳ್ಳಗಿರುತ್ತದೆ" ಎಂಬ ಒಂದೇ ಕಾರಣಕ್ಕೆ.

ನಮ್ಮವರು ಎಂದು ಹೇಳಿಕೊಳ್ಳುವುದಾದರೆ

ನಮ್ಮ ಸೆಮಿನಾರ್ ಹಾಲಿನ ಗೋಡೆಯ ಮೇಲೆ ಇಬ್ನುಲ್ ಹೈಸಮ್ ಅವರ ಚಿತ್ರಪಟವಿದೆ. ಪ್ರತಿವರ್ಷ ಯಾರಾದರೊಬ್ಬರು ಅವರ ಮೇಲೆ ಭಾಷಣ ಮಾಡಿ ಬಹುಮಾನ ಪಡೆಯುತ್ತಾರೆ. ಬಸ್ರಾದಲ್ಲಿ ಸುಮಾರು 965ರಲ್ಲಿ ಹುಟ್ಟಿ ಕೈರೊದಲ್ಲಿ ಬಾಳಿದ ಅವರು ಬೆಳಕಿನ ಬಗ್ಗೆ ಏಳು ಭಾಗಗಳ ಕಿತಾಬುಲ್ ಮನಾಝಿರ್ ಬರೆದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದ ನೋಟ ಉಂಟಾಗುತ್ತದೆ ಎಂಬ ಹಳೆಯ ವಾದವನ್ನು ಒಪ್ಪದೆ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಕತ್ತಲೆ ಕೋಣೆ ಮತ್ತು ಸಣ್ಣ ರಂಧ್ರಗಳ ಪ್ರಯೋಗಗಳಿಂದ ವಾದಿಸಿದರು. ಟಾಲೆಮಿಯಂಥ ದೊಡ್ಡವರ ಗ್ರಂಥಗಳ ಮೇಲೂ ಸಂಶಯಗಳನ್ನು ಎತ್ತಿ ಪುಸ್ತಕ ಬರೆದರು. ಮುನ್ನೂರು ವರ್ಷಗಳ ಬಳಿಕ ಕಮಾಲುದ್ದೀನ್ ಅಲ್ ಫಾರಿಸಿ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತ, ಗಾಜಿನ ಗೋಳದಲ್ಲಿ ನೀರು ತುಂಬಿ ಅದನ್ನೇ ಮಳೆಹನಿಯೆಂದು ಇಟ್ಟುಕೊಂಡು ಕಾಮನಬಿಲ್ಲಿನ ಬಣ್ಣಗಳನ್ನು ವಿವರಿಸಿದರು. ಅವರಿಬ್ಬರ ಬಳಿಯೂ ಲಕ್ಷದ ಉಪಕರಣ ಇರಲಿಲ್ಲ. ಇದ್ದದ್ದು ಕೇಳಿದ್ದನ್ನು ನಂಬುವ ಮೊದಲು ನೋಡುವ ಹಟ. ಅವರ ಮೇಲೆ ಭಾಷಣ ಮಾಡುವುದು ಸುಲಭ, ಅವರ ಹಾಗೆ ಒಂದು ಮಧ್ಯಾಹ್ನ ಕಳೆಯುವುದು ಅದಕ್ಕಿಂತ ಹೆಚ್ಚಿನ ಗೌರವ.

ಬೆಳಕಿನ ಬಣ್ಣವನ್ನು ಗಮನಿಸುವುದು ನಮ್ಮ ದಿನಚರಿಗೂ ಹೊಸದಲ್ಲ. ಸೂರ್ಯ ಮುಳುಗಿದ ಮೇಲೆ ಇಶಾ ಸಮಯ ಯಾವಾಗ ಶುರುವಾಗುತ್ತದೆ? ಪಡುವಣದ ಕೆಂಪು ಮಾಯವಾದಾಗ ಎನ್ನುತ್ತದೆ ಶಾಫಿಈ ಮದ್‌ಹಬ್. ಕೆಂಪಿನ ನಂತರ ಉಳಿಯುವ ಬಿಳಿಯೂ ಮಾಯವಾದಾಗ ಎಂಬುದು ಇಮಾಮ್ ಅಬೂ ಹನೀಫಾ ಅವರ ಅಭಿಪ್ರಾಯ. ಬೆಳಕು ಎಷ್ಟಿದೆ ಎಂದಷ್ಟೇ ಕೇಳದೆ ಯಾವ ಬಣ್ಣದ್ದು ಎಂದೂ ಹಿರಿಯರು ಕೇಳಿದ್ದರು ಎಂಬುದನ್ನು ಗಮನಿಸಿ. ನಮ್ಮ ಕಾಲದಲ್ಲಿ ಇಂಡೊನೇಷ್ಯಾದ ಮುಹಮ್ಮದಿಯಾ ಸಂಘಟನೆ ಮುಂಜಾವಿನ ಆಕಾಶದ ಬೆಳಕನ್ನು ಮಾಪಕಗಳಿಂದ ಅಳೆದ ಅಧ್ಯಯನಗಳನ್ನೂ ಮುಂದಿಟ್ಟುಕೊಂಡು ಚರ್ಚಿಸಿ, ಫಜ್ರ್‌ಗೆ ಸೂರ್ಯ ದಿಗಂತದ ಕೆಳಗೆ 20 ಡಿಗ್ರಿ ಇರಬೇಕೆಂಬ ಲೆಕ್ಕವನ್ನು 18ಕ್ಕೆ ಬದಲಿಸಿತು. ನಾನು ಹೇಳುತ್ತಿರುವ ಸೆನ್ಸರ್ ಅಷ್ಟು ಮಂದ ಬೆಳಕಿಗೆ ಮಾಡಿದ್ದಲ್ಲ, ಆ ತೀರ್ಮಾನ ಉಲಮಾಗಳದು. ನಾನು ಹೇಳಬಯಸಿದ್ದು ಅಳತೆಯನ್ನು ಗೌರವಿಸುವ ಗುಣದ ಬಗ್ಗೆ ಮಾತ್ರ.

ಸಣ್ಣ ಉಪಕರಣ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಮಾತು. ಸಿ. ವಿ. ರಾಮನ್ 1921ರಲ್ಲಿ ಹಡಗಿನಲ್ಲಿ ಬರುವಾಗ ಸಮುದ್ರದ ನೀಲಿಯನ್ನು ಪರೀಕ್ಷಿಸಿದ್ದು ಕೈಯಲ್ಲಿ ಹಿಡಿಯಬಹುದಾದ ನಿಕಲ್ ಪ್ರಿಸಮ್‌ನಿಂದ. 1928ರಲ್ಲಿ ಅವರ ಹೆಸರಿನ ಪರಿಣಾಮವನ್ನು ಕಂಡಾಗಲೂ ಬಳಸಿದ್ದು ಪುಟ್ಟ ಸ್ಪೆಕ್ಟ್ರೊಸ್ಕೋಪ್. ಮುಂದೆ ಬೆಂಗಳೂರಿನಲ್ಲಿ ನೆಲೆಸಿ 1948ರಲ್ಲಿ ತಮ್ಮ ಸಂಸ್ಥೆಯನ್ನು ಕಟ್ಟಿದ ಅವರ ನೆನಪಿಗೆ ಫೆಬ್ರವರಿ 28ರಂದು ನಾವು ವಿಜ್ಞಾನ ದಿನದ ಬ್ಯಾನರ್ ಕಟ್ಟುತ್ತೇವೆ. ಈ ಸಲ ಆ ದಿನ ಬ್ಯಾನರ್ ಬದಲು ಗ್ರಾಫ್ ಕಟ್ಟೋಣ.

ಎದುರಾಗುವ ಮಾತುಗಳು

ಸಿಇಟಿ, ನೀಟ್ ತಲೆಯ ಮೇಲಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ಗೆಳತಿಯರು ಕೇಳಿದರು. ಮೂರು ಸ್ಯಾಂಪಲ್ ಅಳೆಯಲು ಬೇಕಾಗುವುದು ಒಂದು ಶನಿವಾರದ ಮಧ್ಯಾಹ್ನ. ಅದರಲ್ಲಿ ಬೆಳಕಿನ ಅಧ್ಯಾಯಗಳೂ, ಪಿಎನ್ ಜಂಕ್ಷನ್ನೂ ರಿವಿಷನ್ ಆಗುತ್ತವೆ. ಬಯಾಲಜಿಯವರಿಗೂ ಇದರಲ್ಲಿ ಪಾಲಿದೆ. ಏಂಗಲ್‌ಮನ್ ಪ್ರಿಸಮ್‌ನಿಂದ ಒಡೆದ ಬೆಳಕನ್ನು ಪಾಚಿಯ ಮೇಲೆ ಬಿಟ್ಟು, ಬ್ಯಾಕ್ಟೀರಿಯಾ ನೀಲಿ ಮತ್ತು ಕೆಂಪಿನ ಬಳಿ ಗುಂಪುಗೂಡಿದ್ದನ್ನು ಕಂಡ ಕಥೆ ನಮ್ಮ ಪಠ್ಯದಲ್ಲೇ ಇದೆ. ಲ್ಯಾಬಿನ ಕಿಟಕಿಯಲ್ಲಿಟ್ಟ ಗಿಡಕ್ಕೂ ಒಳಗಿಟ್ಟ ಗಿಡಕ್ಕೂ ಆ ನೀಲಿ, ಆ ಕೆಂಪು ಎಷ್ಟೆಷ್ಟು ಸಿಗುತ್ತಿದೆ ಎಂದು ಈ ಸೆನ್ಸರ್ ಹೇಳುತ್ತದೆ.

ಒಳ್ಳೆಯ ಬೆಳಕಿಗೆ ಹಣ ಹೆಚ್ಚಲ್ಲವೇ ಎಂಬುದು ಆಫೀಸಿನವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಕೆಂಪು ಚೆನ್ನಾಗಿರುವ ದೀಪದ ಬೆಲೆ ಹೆಚ್ಚು, ಅಷ್ಟೇ ವ್ಯಾಟಿಗೆ ಅದು ಕೊಡುವ ಲ್ಯೂಮೆನ್ ಸ್ವಲ್ಪ ಕಡಿಮೆ. ಆದರೆ ಎಲ್ಲೆಡೆ ಅದೇ ಬೇಕೆಂದು ಯಾರೂ ಕೇಳುತ್ತಿಲ್ಲ. ಕಾರಿಡಾರ್, ಮೆಟ್ಟಿಲು, ಸ್ಟೋರ್ ರೂಮ್, ಸೈಕಲ್ ಸ್ಟ್ಯಾಂಡಿಗೆ ಅಗ್ಗದ್ದೇ ಸಾಕು. ಬಣ್ಣ ನೋಡಬೇಕಾದ ಕೆಮಿಸ್ಟ್ರಿ ಲ್ಯಾಬ್, ಬಯಾಲಜಿ ಲ್ಯಾಬ್ ಮತ್ತು ಗಂಟೆಗಟ್ಟಲೆ ಕೂರಬೇಕಾದ ರೀಡಿಂಗ್ ರೂಮ್: ಈ ಮೂರು ಕಡೆ ಆರಿಸಿ ಹಾಕೋಣ. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ ಎಂದು ತಿಳಿಯಲೂ ಅಳತೆಯೇ ಬೇಕು.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನ ಕೋರಿಕೆ ಹೀಗಿದೆ. ಫಿಸಿಕ್ಸ್ ಲ್ಯಾಬಿಗೆ ಒಂದು ಸ್ಪೆಕ್ಟ್ರಲ್ ಸೆನ್ಸರ್ ಸೆಟ್ ತರಿಸಿ, ಒಟ್ಟು ಖರ್ಚು ಮೂರು ಸಾವಿರದೊಳಗೆ. ಟ್ಯೂಬ್ ಕೊಡುವವರಿಂದ ಬೇರೆ ಬೇರೆ ಬಗೆಯ ಮೂರು ಸ್ಯಾಂಪಲ್ ಕೇಳಿ, ಅವುಗಳಲ್ಲಿ ಒಂದಾದರೂ 4000 ಕೆಲ್ವಿನ್‌ನದು ಇರಲಿ, ಕೆಂಪಿನ ಅಂಕ ಎಷ್ಟು ಎಂದು ಬರೆದುಕೊಡಲಿ. ವಿಜ್ಞಾನ ವಿಭಾಗದ ಪ್ರಥಮ ಮತ್ತು ದ್ವಿತೀಯ ವರ್ಷದಿಂದ ಮೂವರು ಮೂವರು ಸೇರಿ ಫಿಸಿಕ್ಸ್ ಸರ್ ಮುಂದೆ ಅಳೆಯುತ್ತೇವೆ. ಮೇಡಂ ಅದೇ ದೀಪಗಳ ಕೆಳಗೆ ಒಂದೇ ದ್ರಾವಣದ ಎಂಡ್ ಪಾಯಿಂಟ್ ತೋರಿಸಲಿ. ಗ್ರಾಫ್ ಏನು ಹೇಳುತ್ತದೆ, ಕಣ್ಣು ಏನು ಹೇಳುತ್ತದೆ ಎರಡೂ ನೋಟಿಸ್ ಬೋರ್ಡಿಗೆ ಬರಲಿ. ಇನ್‌ಶಾ ಅಲ್ಲಾಹ್, ಮುಂದಿನ ಸಂಚಿಕೆಯಲ್ಲಿ ಅದನ್ನು ಪ್ರಕಟಿಸಲು ಸಂಪಾದಕರೂ ಜಾಗ ಕೊಟ್ಟಾರು.

ಅಲ್ಲಿಯವರೆಗೆ ಕಾಸಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಿಟಕಿಯ ಪಕ್ಕ ಇಟ್ಟಿರುವ ಬಾಟಲಿಗಳ ಎರಡು ಕಪಾಟುಗಳನ್ನು ಒಳಗಿನ ಗೋಡೆಗೆ ಸರಿಸಿ, ಟೈಟ್ರೇಶನ್ ಮೇಜುಗಳನ್ನು ಕಿಟಕಿಗೆ ತಂದರೆ ಇನ್ನೂ ಎಂಟು ಮಂದಿಗೆ ಹಗಲಿನ ಬೆಳಕು ಸಿಗುತ್ತದೆ. ಪ್ರಾಕ್ಟಿಕಲ್ ಪರೀಕ್ಷೆ ಬರುವ ಮೊದಲು ಅಷ್ಟಾದರೂ ಆಗಲಿ. ಕಪಾಟು ಎತ್ತಲು ನಮ್ಮ ಕ್ಲಾಸಿನವರು ಸಿದ್ಧ.